ಗಡ್ಡೆಗಳ ನಡುವೆ ನಸುಕಿನ ತೆಪ್ಪ: ಆನೆಗೊಂದಿ ದಂಡೆಯ ನೀರುನಾಯಿ ಸುತ್ತಾಟ ಹೇಗಿದೆ?

ಗಂಗಾವತಿ ತಾಲ್ಲೂಕಿನ ಸಾಣಾಪುರ, ಹನುಮನಹಳ್ಳಿ, ಆನೆಗೊಂದಿಯ ತುಂಗಭದ್ರಾ ದಂಡೆಯಲ್ಲಿ ತೆಪ್ಪ (ದುಂಡನೆಯ ಹರಿಗೋಲು) ಅದೇ, ಅಂಬಿಗರೂ ಅವರೇ. ಸಿಗುವ ಸೇವೆ ಮಾತ್ರ ಎರಡು ತರದ್ದು. ಹೊತ್ತು ಏರಿದ ಮೇಲೆ ಹೋದರೆ ಹಾಡು ಹಚ್ಚಿ, ನಡುನೀರಿನಲ್ಲಿ ತೆಪ್ಪವನ್ನು ಬುಗುರಿಯಂತೆ ಗಿರಗಿರ ತಿರುಗಿಸಿ, ಫೋಟೊ ತೆಗೆಸಿ, ಅರ್ಧ ತಾಸಿನೊಳಗೆ ದಡಕ್ಕೆ ತಂದು ಬಿಡುತ್ತಾರೆ. ಮಕ್ಕಳು ಕೇಕೆ ಹಾಕುತ್ತವೆ, ಅದರಲ್ಲಿ ತಪ್ಪೇನಿಲ್ಲ. ಹಿಂದಿನ ದಿನವೇ ಮಾತಾಡಿಕೊಂಡು ನಸುಕಿನಲ್ಲಿ ನೀರಿಗಿಳಿದರೆ ಅದೇ ಹೊಳೆಯಲ್ಲಿ ಎರಡು ತಾಸು ನೀರುನಾಯಿ, ಮೊಸಳೆ, ಆಮೆ, ಮೂವತ್ತು ನಲವತ್ತು ಜಾತಿಯ ಹಕ್ಕಿ ನೋಡಿ ಬರಬಹುದು. ಈ ವಿಮರ್ಶೆ ಆ ಎರಡನೆಯ ಸುತ್ತಾಟದ್ದು. ನಮ್ಮ ತೀರ್ಮಾನ ಮೊದಲೇ ಹೇಳುತ್ತೇವೆ: ಅಂಬಿಗ ಒಳ್ಳೆಯವನು ಸಿಕ್ಕರೆ, ಹೊಳೆ ಇಳಿದಿದ್ದರೆ, ಬಳ್ಳಾರಿ–ಕೊಪ್ಪಳ ಸೀಮೆಯಲ್ಲಿ ಕಾಡುಜೀವ ನೋಡಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಈ ಎರಡರಲ್ಲಿ ಒಂದು ತಪ್ಪಿದರೂ ಕೊಟ್ಟ ದುಡ್ಡು ನೀರಿಗೆ ಹೋದಂತೆಯೇ.

ಮೊದಲು ಜಾಗದ ವಿಚಾರ. ಅಣೆಕಟ್ಟೆ ದಾಟಿದ ಮೇಲೆ ತುಂಗಭದ್ರೆ ಬಂಡೆಗಳ ನಾಡಿಗೆ ಬೀಳುತ್ತದೆ. ಅಲ್ಲಿಂದ ಮುಂದೆ ಅದು ಒಂದೇ ಪಾತ್ರದಲ್ಲಿ ಹರಿಯುವುದಿಲ್ಲ. ಸೀಳಿಕೊಂಡು, ಸುತ್ತಿಕೊಂಡು, ಮತ್ತೆ ಕೂಡಿಕೊಂಡು ಹೋಗುತ್ತದೆ. ಆ ಸೀಳುಗಳ ನಡುವೆ ಉಳಿದ ನೆಲವೇ ಗಡ್ಡೆ. ಊರು ಕಟ್ಟುವಷ್ಟು ದೊಡ್ಡದಾದ ವಿರುಪಾಪುರ ಗಡ್ಡೆ ಇದೆ, ಒಂಬತ್ತು ಯತಿಗಳ ಬೃಂದಾವನವಿರುವ ನವಬೃಂದಾವನ ಗಡ್ಡೆ ಇದೆ, ಎಮ್ಮೆ ಬೆನ್ನಿನಷ್ಟೇ ಮೇಲೆದ್ದ ಹೆಸರಿಲ್ಲದ ಬಂಡೆಗಳು ಲೆಕ್ಕವಿಲ್ಲದಷ್ಟು ಇವೆ. ಈ ಸಾಲು ಕಂಪ್ಲಿ ಕಡೆಗೆ ಹೋಗುತ್ತ ಹೋಗುತ್ತ ತೆಳುವಾಗುತ್ತದೆ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ಹೊಳೆಯನ್ನು ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ನೀರುನಾಯಿಯ ಹೆಸರಿನಲ್ಲೇ ಹೊಳೆಯ ಒಂದು ಪಾಲನ್ನು ಕಾಯ್ದಿಟ್ಟದ್ದು ಈ ಸೀಮೆ ಹೆಮ್ಮೆಪಡಬೇಕಾದ ಸಂಗತಿ. ಆದರೂ ಅಂಜನಾದ್ರಿ ಹತ್ತಿ ಇಳಿದು ಹೋಗುವ ಸಾವಿರಾರು ಜನರಲ್ಲಿ ಎಷ್ಟೋ ಮಂದಿಗೆ ಕೆಳಗೆ ಹರಿಯುವ ನೀರಿನಲ್ಲಿ ಏನಿದೆ ಎಂಬುದೇ ತಿಳಿದಿಲ್ಲ.

ವಿರುಪಾಪುರ ಗಡ್ಡೆಯಲ್ಲಿ ತಂಗಬಹುದು ಎಂದು ಹಳೆಯ ಮಾಹಿತಿಯಲ್ಲಿ ಇನ್ನೂ ಬರೆದಿರುತ್ತದೆ. ಅಲ್ಲಿನ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲಿ ತೆರವು ಮಾಡಿದ್ದಾರೆ. ಅದನ್ನು ನಂಬಿ ಹೊರಡಬೇಡಿ. ಆನೆಗೊಂದಿ ಅಥವಾ ಗಂಗಾವತಿಯಲ್ಲಿ ಉಳಿದುಕೊಂಡರೆ ನಸುಕಿಗೆ ದಂಡೆ ಸೇರುವುದು ಸುಲಭ.

ಇನ್ನೊಂದು ಗೊಂದಲವೂ ಇದೆ. ಸಾಣಾಪುರ ಕೆರೆ ಬೇರೆ, ಹೊಳೆ ಬೇರೆ. ಕೆರೆ ಎಂದರೆ ಎಡದಂಡೆ ಕಾಲುವೆಯ ಸಮತೋಲನ ಜಲಾಶಯ. ಗುಡ್ಡಗಳ ನಡುವೆ ನಿಂತ ನೀರು, ನೋಡಲು ಬಹಳ ಚೆಂದ, ಸಂಜೆಯ ಬೆಳಕಿಗೆ ಹೇಳಿ ಮಾಡಿಸಿದ ಜಾಗ. ಆದರೆ ನೀರುನಾಯಿ ನೋಡಬೇಕೆಂದವರು ಹೊಳೆಗೇ ಇಳಿಯಬೇಕು. ತೆಪ್ಪ ಗೊತ್ತು ಮಾಡುವಾಗಲೇ "ಕೆರಿ ಅಲ್ರೀ, ಹೊಳಿ" ಎಂದು ಬಿಡಿಸಿ ಹೇಳಿ.

ತೆಪ್ಪ ಎಂಥದ್ದಿರಬೇಕು

1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಆನೆಗೊಂದಿಯ ಹಾಯ್ಗಡದಲ್ಲಿ ಕಂಡದ್ದನ್ನು ಬರೆದಿಟ್ಟಿದ್ದಾನೆ: ಬುಟ್ಟಿಯಂತೆ ದುಂಡಗಿನ ದೋಣಿ, ಹೊರಗೆ ತೊಗಲಿನ ಹೊದಿಕೆ, ಹದಿನೈದು ಇಪ್ಪತ್ತು ಜನ ಹಿಡಿಯುವಷ್ಟು ದೊಡ್ಡದು, ನೆಟ್ಟಗೆ ಹೋಗದೆ ಸುತ್ತುತ್ತಲೇ ಸಾಗುವುದು. ಐನೂರು ವರ್ಷದಲ್ಲಿ ಬದಲಾದದ್ದು ಹೊದಿಕೆ ಮಾತ್ರ. ಈಗ ಬಿದಿರಿನ ಸೀಳುಗಳನ್ನು ಅಡ್ಡ ಉದ್ದ ಹೆಣೆದು, ಹೊರಮೈಗೆ ಪ್ಲಾಸ್ಟಿಕ್ ಹಾಳೆ ಇಲ್ಲವೇ ಗೊಬ್ಬರದ ಚೀಲ ಹೊದಿಸಿ, ಮೇಲೆ ಡಾಂಬರು ಬಳಿಯುತ್ತಾರೆ. ಅಲ್ಲಲ್ಲಿ ಫೈಬರಿನ ತೆಪ್ಪವೂ ಬಂದಿದೆ. ಫೈಬರು ಸೋರುವುದಿಲ್ಲ, ನಿಜ. ಆದರೆ ಬಂಡೆಗೆ ತಗುಲಿದರೆ ಡೋಲಿನಂತೆ ಸದ್ದು ಮಾಡುತ್ತದೆ, ಆ ಒಂದು ಸದ್ದಿಗೆ ಮಡುವಿನ ಜೀವವೆಲ್ಲ ಮಾಯ. ಬಿದಿರು ತಗುಲಿದರೆ ಬಾಗಿ, ಉಜ್ಜಿಕೊಂಡು ಸುಮ್ಮನೆ ಜಾರುತ್ತದೆ. ಕಾಡುಜೀವ ನೋಡಲು ಬಿದಿರಿನದೇ ವಾಸಿ.

ಹತ್ತುವ ಮುಂಚೆ ಮೂರು ಕಡೆ ಕಣ್ಣಾಡಿಸಿ. ತಳದಲ್ಲಿ ಆಗಲೇ ನೀರು ಜಿನುಗಿದ್ದರೆ ಆ ತೆಪ್ಪ ಬೇಡ. ಹೊರಮೈಯ ಡಾಂಬರು ಬಿರುಕು ಬಿಟ್ಟಿದೆಯೇ ನೋಡಿ. ಮಾರ್ಚ್ ದಾಟಿದ ಮೇಲೆ ಬಿಸಿಲಿಗೆ ಬಿದಿರು ಒಣಗಿ ಡಾಂಬರು ಸಿಡಿಯುವುದು ಸಾಮಾನ್ಯ, ಅದಕ್ಕೇ ಅಂಬಿಗರು ತೆಪ್ಪವನ್ನು ನೆರಳಿನಲ್ಲಿ ಬೋರಲು ಹಾಕುತ್ತಾರೆ. ಮೂರನೆಯದು ಅಂಚಿನ ಕಟ್ಟು: ಬಾಯಿಯ ಸುತ್ತ ಬಿಗಿದ ಬಿದಿರಿನ ಬಳೆಯನ್ನು ಕೈಯಿಂದ ಒತ್ತಿದರೆ ಕದಲಬಾರದು. ಅದು ಸಡಿಲಾದರೆ ನಾಲ್ಕು ಜನ ಕೂತಾಗ ತೆಪ್ಪ ಮೊಟ್ಟೆಯಾಕಾರಕ್ಕೆ ಬರುತ್ತದೆ, ಹುಟ್ಟು ಹಾಕುವವನ ಹಿಡಿತ ತಪ್ಪುತ್ತದೆ.

ಎಂಟಡಿ ಅಗಲದ ತೆಪ್ಪಕ್ಕೆ ಅಂಬಿಗನಲ್ಲದೆ ನಾಲ್ಕು ಜನ ಸರಿ. ಆರು ಜನರನ್ನು ಹತ್ತಿಸುವವರಿದ್ದಾರೆ. ತಲೆಗಿಷ್ಟು ಎಂದು ದುಡ್ಡು ಮಾತಾಡಿದರೆ ತಲೆ ಹೆಚ್ಚಾಗುವುದು ಸಹಜ. ಆದ್ದರಿಂದ ಇಡೀ ತೆಪ್ಪಕ್ಕೆ, ಎರಡು ತಾಸಿಗೆ ಇಷ್ಟು ಎಂದೇ ಮಾತಾಡಿ. ದರ ರಜೆಗೆ, ಹಂಗಾಮಿಗೆ ತಕ್ಕಂತೆ ಏರಿಳಿಯುತ್ತದೆ. ನಸುಕಿನ ಎರಡು ತಾಸು ಅಂಬಿಗನಿಗೆ ಹಗಲಿನ ನಾಲ್ಕು ಸುತ್ತಿನಷ್ಟು ದುಡಿಮೆ. ಅಲ್ಲಿ ಚೌಕಾಸಿಗೆ ಇಳಿಯುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ.

ಲೈಫ್ ಜಾಕೆಟ್ ಈ ದಂಡೆಯ ಸೇವೆಯಲ್ಲಿ ತೀರ ಬಡವಾದ ಭಾಗ. ಇರುತ್ತವೆ, ಆದರೆ ಬಕಲ್ ಮುರಿದಿರುತ್ತದೆ, ಇಲ್ಲವೇ ಎಲ್ಲವೂ ಒಂದೇ ಅಳತೆಯವು. ತೊಟ್ಟು, ಬಿಗಿದು, ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲು ಇನ್ನೊಬ್ಬರಿಗೆ ಹೇಳಿ. ಗದ್ದದವರೆಗೆ ಏರಿ ಬಂದರೆ ಅದು ನೀರಿನಲ್ಲಿ ನಿಮ್ಮ ತಲೆ ಎತ್ತಿ ಹಿಡಿಯುವುದಿಲ್ಲ. ಮಕ್ಕಳಿಗೆ ದೊಡ್ಡವರ ಜಾಕೆಟ್ ಹಾಕಿಸಲೇಬೇಡಿ, ಕೈ ಮೇಲೆತ್ತಿದರೆ ಜಾರಿ ಕಳಚುತ್ತದೆ. ಚಿಕ್ಕವರನ್ನು ಕರೆದುಕೊಂಡು ಹೋಗುವವರು ಅಳತೆಯದನ್ನು ಮನೆಯಿಂದಲೇ ಒಯ್ಯುವುದು ಒಳ್ಳೆಯದು.

ಕೂರುವುದಕ್ಕೂ ಒಂದು ಕ್ರಮವಿದೆ. ತೆಪ್ಪಕ್ಕೆ ತಳದಲ್ಲಿ ಏಣು ಇರುವುದಿಲ್ಲ, ಗೇಣು ನೀರಿದ್ದರೂ ತೇಲುತ್ತದೆ, ಆದರೆ ಭಾರ ಒಂದು ಮಗ್ಗುಲಿಗೆ ಬಿದ್ದರೆ ಆ ಕಡೆಯ ಅಂಚು ಮುಳುಗುತ್ತದೆ. ತಳದಲ್ಲೇ ಕೂತು, ಬೆನ್ನು ಅಂಚಿಗೆ ಕೊಟ್ಟು, ಕಾಲು ನಡುವಿಗೆ ಚಾಚಿ. ತೂಕದವರು ಅಂಬಿಗನ ಎದುರಿಗೆ. ಮೊಸಳೆ ಕಂಡಿತೆಂದು ನಾಲ್ವರೂ ಒಂದೇ ಕಡೆಗೆ ವಾಲುವುದೇ ಈ ಸುತ್ತಾಟದಲ್ಲಿ ಆಗುವ ಅತಿ ದೊಡ್ಡ ತಪ್ಪು.

ಅಂಬಿಗನನ್ನು ಹೇಗೆ ಆರಿಸುವುದು

ಕೇಳಬೇಕಾದ ಪ್ರಶ್ನೆ ಒಂದೇ: "ಅಣ್ಣಾರ, ನೀರ್ನಾಯಿ ಗ್ಯಾರಂಟಿ ಕಾಣ್ತಾವೇನ್ರೀ?" ಗ್ಯಾರಂಟಿ ಎಂದವರನ್ನು ಬಿಟ್ಟು ಮುಂದೆ ನಡೆಯಿರಿ. ಬಲ್ಲವನ ಉತ್ತರ ಹೀಗಿರುತ್ತದೆ: "ಗ್ಯಾರಂಟಿ ಹೇಳಾಕ ಬರಂಗಿಲ್ರೀ. ನಿನ್ನಿ ಆ ಮಡುವಿನ ಬಾಜೂಕ ಹಿಕ್ಕಿ ಹಸಿ ಇತ್ತು. ಹೋಗಿ ನೋಡೂಣು, ಮಾತೊಂದು ಕಮ್ಮಿ ಮಾಡ್ರಿ." ಇವನು ನೋಡುವುದು ಪ್ರಾಣಿಯನ್ನಲ್ಲ, ಗುರುತನ್ನು. ನೀರುನಾಯಿಗಳು ಒಂದೇ ಬಂಡೆಯ ಮೇಲೆ ಮತ್ತೆ ಮತ್ತೆ ಹಿಕ್ಕೆ ಹಾಕುತ್ತವೆ. ಹೊಸದಾದರೆ ಕಪ್ಪಗೆ ಲೋಳೆಯಾಗಿ, ಹಸಿ ಮೀನಿನ ನಾತ ಹೊಡೆಯುತ್ತದೆ. ಒಂದೆರಡು ದಿನದ ಬಿಸಿಲಿಗೆ ಬೂದಿಬಣ್ಣಕ್ಕೆ ತಿರುಗಿ, ಮುಟ್ಟಿದರೆ ಉದುರುವ ಪುಡಿಯಾಗುತ್ತದೆ, ಆ ಪುಡಿಯಲ್ಲಿ ಮೀನಿನ ಹುರುಪೆ ಅಭ್ರಕದಂತೆ ಮಿನುಗುತ್ತಿರುತ್ತವೆ. ಎಂಟು ಹತ್ತು ಅಡಿ ದೂರದಿಂದಲೇ ಕಪ್ಪೋ ಬೂದಿಯೋ ಎಂದು ನೋಡಿ, ಇಲ್ಲಿ ನಿಲ್ಲಬೇಕೋ ಮುಂದೆ ಹೋಗಬೇಕೋ ಎಂದು ತೀರ್ಮಾನಿಸುವವನೇ ನಿಮಗೆ ಬೇಕಾದ ಅಂಬಿಗ.

ಎರಡನೆಯ ಪರೀಕ್ಷೆ ಹುಟ್ಟಿನದು. ಪಳಗಿದ ಕೈ ತೆಪ್ಪದ ಮುಂಭಾಗದಲ್ಲಿ ಹುಟ್ಟನ್ನು ನೀರಿನೊಳಗೇ ಎಡಕ್ಕೂ ಬಲಕ್ಕೂ ತೊಡೆಯುತ್ತ ಎಳೆಯುತ್ತದೆ, ಹುಟ್ಟು ನೀರಿನಿಂದ ಮೇಲೆ ಬರುವುದೇ ಇಲ್ಲ. ಹಾಗಾಗಿ ಚಳಕ್ ಎಂಬ ಸದ್ದೂ ಇಲ್ಲ, ಹನಿ ಸಿಡಿಯುವುದೂ ಇಲ್ಲ. ದಡ ಬಿಟ್ಟು ಹತ್ತು ಮಾರು ಹೋಗುವುದರೊಳಗೆ ಇದು ಗೊತ್ತಾಗುತ್ತದೆ. ಮೂರನೆಯದು ದೂರ. ಕಾಸು ಹೆಚ್ಚು ಕೊಟ್ಟಾರು ಎಂಬ ಆಸೆಗೆ ನೀರುನಾಯಿಯ ಬಂಡೆಗೇ ತೆಪ್ಪ ತಾಗಿಸುವವರಿದ್ದಾರೆ. ಅದಕ್ಕೆ ಕಾರಣ ನಾವೇ. "ಇನ್ನೂ ಹತ್ರ, ಇನ್ನೂ ಹತ್ರ" ಎನ್ನುವವರು ಪ್ರವಾಸಿಗರೇ ಹೊರತು ಅಂಬಿಗರಲ್ಲ. ಮೂವತ್ತು ಮೀಟರು ಬಿಟ್ಟು ನಿಲ್ಲಿಸಲು ನೀವೇ ಹೇಳಿ.

ಎರಡು ತಾಸಿನ ಕ್ರಮ

ಚಳಿಗಾಲದಲ್ಲಿ ಆರು ಗಂಟೆಗೆ ದಂಡೆಯಲ್ಲಿರಿ, ಸೂರ್ಯ ಮೂಡುವ ಮುಂಚೆ ತೆಪ್ಪ ನೀರಿನಲ್ಲಿರಬೇಕು. ಹೊರಟ ಕಡೆಗೇ ಮರಳುವುದಾದರೆ ಮೊದಲು ಹರಿವಿಗೆ ಎದುರಾಗಿ ಒಂದು ಕಿ.ಮೀ. ಮೇಲಕ್ಕೆ ಹೋಗಿ, ಆಮೇಲೆ ತೇಲಿಕೊಂಡು ಇಳಿಯುವುದು ಜಾಣತನ. ಅಂಬಿಗನ ತೋಳು ದಣಿದ ಮೇಲೆ ಎದುರು ಹರಿವಿಗೆ ಹುಟ್ಟು ಹಾಕಿಸಿದರೆ ಸದ್ದೂ ಹೆಚ್ಚುತ್ತದೆ, ಹೊತ್ತೂ ಕಳೆಯುತ್ತದೆ. ಕೆಳಕ್ಕೇ ತೇಲಿಹೋಗಿ ಬೇರೆ ಕಡೆ ಇಳಿಯುವುದಾದರೆ ಅಲ್ಲಿಗೆ ಆಟೊ ಹೇಳಿಟ್ಟಿರಬೇಕು, ತೆಪ್ಪ ವಾಪಸ್ ತರುವ ಖರ್ಚು ಯಾರದೆಂದೂ ಮೊದಲೇ ಮಾತಾಗಿರಬೇಕು. ಜಗಳ ಬರುವುದೆಲ್ಲ ಇಲ್ಲೇ.

ಬಂಡೆಗಳ ಸಂದಿನಲ್ಲಿ ನೀರು ನೊರೆಯಾಡುವ ಕಡೆ ಅಂಬಿಗ ಎಲ್ಲರನ್ನೂ ಇಳಿಸಿ, ತೆಪ್ಪವನ್ನು ಬೋರಲಾಗಿ ಬೆನ್ನ ಮೇಲೆ ಹೊತ್ತು ದಾಟಿಸುತ್ತಾನೆ. ಅಲ್ಲಿ ಅವನ ಹೆಜ್ಜೆ ಮೇಲೆಯೇ ಹೆಜ್ಜೆ ಇಡಿ. ಪಾಚಿ ಹಿಡಿದ ಬಂಡೆಗಿಂತ ಜಾರುವುದು ಇನ್ನೊಂದಿಲ್ಲ. ಹಿಂದೆ ಪಟ್ಟಿಯಿರುವ ಚಪ್ಪಲಿ ಇರಲಿ, ಹವಾಯಿ ಬೇಡ.

ದುರ್ಬೀನು 8x42 ತನ್ನಿ. 10x ಹೆಚ್ಚು ಹತ್ತಿರ ತೋರಿಸುತ್ತದೆ ಎಂದು ತರುವವರು ಪೇಚಾಡುತ್ತಾರೆ. ತೆಪ್ಪದ ಅಲುಗಾಟವನ್ನೂ ಅದು ಅಷ್ಟೇ ದೊಡ್ಡದು ಮಾಡುತ್ತದೆ. ಕ್ಯಾಮೆರಾಕ್ಕೆ 300ರಿಂದ 400 ಮಿ.ಮೀ. ಲೆನ್ಸ್ ಸಾಕು. ಟ್ರೈಪಾಡಿಗೆ ಜಾಗವಿಲ್ಲ, ಮೊಣಕಾಲ ಮೇಲೆ ಮೊಣಕೈ ಊರಿ ಹಿಡಿಯಿರಿ. ಶಟರ್ 1/1000ಕ್ಕಿಂತ ಕೆಳಗೆ ಬಂದರೆ ತೆಪ್ಪ ಸುತ್ತುವುದರಿಂದಲೇ ಚಿತ್ರ ಮಸಕಾಗುತ್ತದೆ, ನಸುಕಿನ ಬೆಳಕಿಗೆ ಐಎಸ್‌ಒ ಏರಿಸಿಕೊಳ್ಳುವುದೇ ದಾರಿ. ಫೋನು, ಕ್ಯಾಮೆರಾ ಎರಡಕ್ಕೂ ನೀರು ತಾಗದ ಚೀಲ ಬೇಕೇಬೇಕು. ಕೆಂಪು, ಅಚ್ಚ ಬಿಳಿ ಅಂಗಿ ಬೇಡ. ಅತ್ತರು ಬೇಡ. ಡ್ರೋನಂತೂ ಬೇಡವೇ ಬೇಡ.

ಏನು ಕಾಣುತ್ತದೆ

ಇಲ್ಲಿರುವುದು ನಯವಾದ ತುಪ್ಪಳದ ನೀರುನಾಯಿ. ಬಾಲ ಸೇರಿ ಒಂದು ಮೀಟರಿಗೂ ಮಿಕ್ಕ ಉದ್ದ, ಬಾಲದ ತುದಿ ಚಪ್ಪಟೆ. ಒಂಟಿಯಾಗಿ ಕಾಣುವುದು ಕಡಿಮೆ, ಸಂಸಾರ ಸಮೇತ ತಿರುಗುತ್ತವೆ. ಮೊದಲು ಕಿವಿಗೆ ಬೀಳುತ್ತದೆ: ಸಣ್ಣಗೆ, ಮೇಲಕ್ಕೆ ಎಳೆದ ಸಿಳ್ಳೆ. ಆಮೇಲೆ ನೀರಿನ ಮೇಲೆ ಬಾಣದ ಮೊನೆಯಂಥ ಗೆರೆ, ಅದರ ತುದಿಯಲ್ಲಿ ಚಪ್ಪಟೆ ತಲೆ, ಹಿಂದೆ ಇನ್ನೊಂದು, ಮತ್ತೊಂದು. ಕೂಡಿ ಬೇಟೆಯಾಡುವಾಗ ಸಾಲಾಗಿ ಹರಡಿ ಮೀನನ್ನು ದಡದ ಕಡೆಗೆ ಅಟ್ಟಿಕೊಂಡು ಬರುತ್ತವೆ. ದೊಡ್ಡ ಮೀನು ಸಿಕ್ಕರೆ ಬಂಡೆಗೆ ಏರಿಸಿ, ಎರಡೂ ಮುಂಗೈಯಲ್ಲಿ ಒತ್ತಿ ಹಿಡಿದು, ಕಟಕಟ ಎಂದು ಅಗಿಯುತ್ತವೆ. ಸದ್ದಿಲ್ಲದಿದ್ದರೆ ಆ ಅಗಿಯುವ ಸದ್ದು ತೆಪ್ಪದವರೆಗೂ ಕೇಳುತ್ತದೆ. ತಿಂದ ಮೇಲೆ ಮರಳಿನಲ್ಲಿ ಉರುಳಿ ಮೈ ಒರೆಸಿಕೊಳ್ಳುವುದನ್ನು ನೋಡಬೇಕು.

ಅವು ಕತ್ತು ನೀಳವಾಗಿ ಎತ್ತಿ, ಎಲ್ಲ ತಲೆಗಳೂ ಒಂದೇ ಕಡೆ ತಿರುಗಿ ನಿಮ್ಮನ್ನೇ ನೋಡುತ್ತ ಮೂಗಿನಿಂದ ಫುಸ್ ಎಂದರೆ ನೀವು ಹತ್ತಿರವಾದಿರಿ ಎಂದರ್ಥ. ಅಲ್ಲಿಂದಲೇ ಹಿಂದೆ ಸರಿಯಬೇಕು. ಚಳಿಗಾಲದಲ್ಲಿ ಬಂಡೆಯ ಪೊಟರೆಯಲ್ಲಿ ಮರಿಗಳಿರುತ್ತವೆ. ಪದೇ ಪದೇ ತೊಂದರೆಯಾದರೆ ತಾಯಿ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಬೇರೆ ಪೊಟರೆಗೆ ಸಾಗಿಸುತ್ತದೆ, ದಾರಿಯಲ್ಲಿ ಮೊಸಳೆಯ ಭಯ ಇದ್ದೇ ಇದೆ.

ಮೊಸಳೆ ನೋಡಲು ನಸುಕಿಗಿಂತ ಎಂಟು ಗಂಟೆಯ ಮೇಲಿನ ಹೊತ್ತೇ ಸರಿ. ಚಳಿಗೆ ಮೈ ಕಾಯಿಸಲು ಬಂಡೆ, ಮರಳುದಿಣ್ಣೆ ಏರಿ ಬಾಯಿ ತೆರೆದು ಮಲಗಿರುತ್ತದೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಹೆಣ್ಣು ದಂಡೆಯಲ್ಲಿ ಗುಂಡಿ ತೋಡಿ ಮೊಟ್ಟೆಯಿಟ್ಟು ಹತ್ತಿರವೇ ಕಾಯುತ್ತದೆ. ಆ ತಿಂಗಳುಗಳಲ್ಲಿ ಮರಳಿನ ಮೇಲೆ ಕಾಲಿಡಬೇಡಿ. ಅದೇ ಮರಳು, ಅದೇ ಜಲ್ಲಿಯ ಮೇಲೆ ನದಿ ರೀವ ಎಂಬ ಹಕ್ಕಿಯೂ ಮೊಟ್ಟೆಯಿಡುತ್ತದೆ. ಗೂಡೆಂಬುದು ಬರೀ ಒಂದು ತಗ್ಗು, ಮೊಟ್ಟೆಯ ಬಣ್ಣ ಬೆಣಚುಕಲ್ಲಿನದೇ. ತುಳಿದದ್ದೂ ತಿಳಿಯುವುದಿಲ್ಲ. ತಲೆಯ ಮೇಲೆ ಹಳದಿ ಕೊಕ್ಕಿನ ಹಕ್ಕಿ ಚೀರುತ್ತ ಎರಗಿದರೆ ನೀವು ಅದರ ಮನೆಯೊಳಗೆ ನಿಂತಿದ್ದೀರಿ.

ಉಳಿದಂತೆ ಹಾವಕ್ಕಿ, ನೀರುಕಾಗೆ, ಬಣ್ಣದ ಕೊಕ್ಕರೆ, ವರಟೆ, ಕಲ್ಲುಗೊರವ, ಬಗೆಬಗೆಯ ಮಿಂಚುಳ್ಳಿ ಸಾಮಾನ್ಯವಾಗಿ ತಪ್ಪುವುದಿಲ್ಲ. ಕಪ್ಪು ಬಿಳುಪು ಮಿಂಚುಳ್ಳಿ ಗಾಳಿಯಲ್ಲಿ ರೆಕ್ಕೆ ಬಡಿಯುತ್ತ ಒಂದೇ ಕಡೆ ನಿಂತು ನೆಟ್ಟಗೆ ನೀರಿಗೆ ಬೀಳುವುದನ್ನು ನೋಡಲು ತೆಪ್ಪಕ್ಕಿಂತ ಒಳ್ಳೆಯ ಆಸನವಿಲ್ಲ. ಬಂಡೆಗುಡ್ಡಗಳ ಪೊದೆಗಳಲ್ಲಿ ಹಳದಿ ಕೊರಳಿನ ಪಿಕಳಾರವಿದೆ, ದಕ್ಷಿಣದ ಇಂಥ ಕಲ್ಲುಗುಡ್ಡ ಬಿಟ್ಟರೆ ಬೇರೆಡೆ ಸಿಗದ ಹಕ್ಕಿ. ನೀರಿನಿಂದ ಕೊಳವೆಯಂಥ ಮೂತಿ ಮಾತ್ರ ಮೇಲೆ ಬಂದು ಮರೆಯಾದರೆ ಅದು ಮೆತ್ತನೆ ಚಿಪ್ಪಿನ ಆಮೆ. ಲೀತ್ ಆಮೆ ಎಂದು ಕರೆಯುವ ಈ ಜಾತಿ ಅಳಿವಿನ ತೀರ ಅಂಚಿಗೆ ಬಂದಿದೆ, ಕಂಡರೆ ಅದು ನಿಮ್ಮ ಪುಣ್ಯ.

ಯಾವಾಗ, ಎಷ್ಟು ನೀರಿದ್ದಾಗ

ನವೆಂಬರ್‌ನಿಂದ ಫೆಬ್ರುವರಿ ಎಲ್ಲದಕ್ಕೂ ಒಳ್ಳೆಯದು. ಮಾರ್ಚ್, ಏಪ್ರಿಲ್‌ನಲ್ಲಿ ಹೊಳೆ ಇಳಿದು ಮಡುಗಳಷ್ಟೇ ಉಳಿಯುತ್ತವೆ. ಮೀನೆಲ್ಲ ಅಲ್ಲಿ ಸೇರುವುದರಿಂದ ನೀರುನಾಯಿ ಕಾಣುವ ಸಾಧ್ಯತೆ ಹೆಚ್ಚು, ಆದರೆ ಎಂಟೂವರೆಗೆಲ್ಲ ಬಂಡೆ ಕಾದು ಒಲೆಯಾಗಿರುತ್ತದೆ. ಮಳೆಗಾಲದಲ್ಲಿ, ಹೊಳೆ ಬಂದಾಗ, ಈ ಸೇವೆಯನ್ನು ಕೇಳಲೂಬಾರದು. ಯಾರಾದರೂ ಕರೆದೊಯ್ಯುತ್ತೇನೆ ಎಂದರೆ ಅವರಿಗೆ ನಿಮ್ಮ ಜೀವದ ಬೆಲೆ ಗೊತ್ತಿಲ್ಲ.

ನೀರಿನ ಲೆಕ್ಕ ಓದುವುದು ಹೀಗೆ. ತುಂಗಭದ್ರಾ ಮಂಡಳಿಯ ದಿನದ ಅಂಕಿಅಂಶದಲ್ಲಿ ಜಲಾಶಯದ ಮಟ್ಟ, ಒಳಹರಿವು, ಹೊರಹರಿವು ಇರುತ್ತದೆ. ತುಂಬಿದ ಮಟ್ಟ 1,633 ಅಡಿ. ಹೊರಹರಿವಿನ ಒಟ್ಟು ಅಂಕಿ ನೋಡಿ ಹೆದರುವುದೂ ಬೇಡ, ನಿಶ್ಚಿಂತರಾಗುವುದೂ ಬೇಡ. ಅದರಲ್ಲಿ ಎಡದಂಡೆ, ಬಲದಂಡೆ ಕಾಲುವೆಗಳಿಗೆ ಬಿಟ್ಟ ನೀರೂ ಸೇರಿರುತ್ತದೆ. ನಿಮಗೆ ಬೇಕಾದದ್ದು ನದಿಗೆ ಬಿಟ್ಟದ್ದೆಷ್ಟು ಎಂಬುದಷ್ಟೇ. 33 ಕ್ರಸ್ಟ್ ಗೇಟುಗಳಲ್ಲಿ ಒಂದು ತೆರೆದಿದ್ದರೂ ಹೋಗಬೇಡಿ. ಅಲ್ಲಿ ಬಿಟ್ಟ ನೀರು ಕೆಲವೇ ಗಂಟೆಯಲ್ಲಿ ಆನೆಗೊಂದಿ ದಂಡೆಯಲ್ಲಿರುತ್ತದೆ. ಹೊಳೆ ಎಷ್ಟು ಬೇಗ ಮಗ್ಗುಲು ಬದಲಿಸುತ್ತದೆ ಎನ್ನುವುದಕ್ಕೆ 2024ರ ಆಗಸ್ಟ್ 10ರ ರಾತ್ರಿಯೇ ಸಾಕ್ಷಿ: 19ನೇ ಗೇಟು ಕೊಚ್ಚಿಹೋಗಿ, ಜಲಾಶಯದ ಒತ್ತಡ ಇಳಿಸಲು ಉಳಿದ ಗೇಟುಗಳಿಂದಲೂ ನೀರು ಬಿಡಬೇಕಾಯಿತು. ಪ್ರವಾಹದಲ್ಲಿ ನವಬೃಂದಾವನ ಮುಳುಗುತ್ತದೆ, ಆಚೆ ದಡದ ಪುರಂದರ ಮಂಟಪ ಮುಳುಗುತ್ತದೆ, ಕಂಪ್ಲಿ ಸೇತುವೆ ಮುಳುಗುತ್ತದೆ. ಹಿಂದಿನ ಸಂಜೆ ಬಂಡೆಯ ಮೇಲಿದ್ದ ಒದ್ದೆಯ ಗೆರೆಗಿಂತ ನೀರು ಮೇಲೇರಿದ್ದರೆ ಅಂದಿನ ಸುತ್ತಾಟ ಬಿಡಿ.

ಈಜು, ಬಂಡೆಯಿಂದ ಹಾರುವುದು ಎರಡೂ ಬೇಡ. ಮೇಲೆ ನೀರು ಗಾಜಿನಂತೆ ಕಂಡರೂ ಕೆಳಗೆ ಬಂಡೆಯ ಸಂದಿಗಳೊಳಗೆ ಸೆಳೆತ ಇರುತ್ತದೆ, ಒಳಗೆ ಸಿಕ್ಕವರನ್ನು ಅದು ಮೇಲಕ್ಕೆ ಬಿಡುವುದಿಲ್ಲ. ಸಾಣಾಪುರದ ಹತ್ತಿರ ಹೀಗೆ ಹಾರಿ ಪ್ರಾಣ ಬಿಟ್ಟವರಲ್ಲಿ ಈಜು ಬಲ್ಲವರೂ ಇದ್ದಾರೆ.

ಶನಿವಾರ ತಪ್ಪಿಸಿ, ಅಂಜನಾದ್ರಿಯ ಜನ ನಸುಕಿನಿಂದಲೇ ರಸ್ತೆ ತುಂಬುತ್ತಾರೆ. ಡಿಸೆಂಬರ್‌ನ ಹನುಮಮಾಲೆ ವಿಸರ್ಜನೆಯ ದಿನಗಳಲ್ಲಂತೂ ವಾಹನ ಒಳಗೆ ಬಿಡುವುದೇ ಕಷ್ಟ. ಕಂಪ್ಲಿ, ಬಳ್ಳಾರಿ ಕಡೆಯಿಂದ ಬರುವವರಿಗೆ ಬುಕ್ಕಸಾಗರ–ಕಡೇಬಾಗಿಲು ಸೇತುವೆ ಹತ್ತಿರದ ದಾರಿ. ರೈಲಿಗೆ ಗಂಗಾವತಿ, ಇಲ್ಲವೇ ಆಚೆ ದಡದ ಹೊಸಪೇಟೆ. ದಂಡೆಯಲ್ಲಿ ಶೌಚಾಲಯ ನೆಚ್ಚಿಕೊಳ್ಳಬೇಡಿ. ಹೆಣ್ಣುಮಕ್ಕಳು, ವಯಸ್ಸಾದವರು ಇರುವ ಕುಟುಂಬಕ್ಕೆ ಇದು ನಿಜವಾದ ತೊಡಕು, ಇಷ್ಟು ಜನ ಬರುವ ಜಾಗದಲ್ಲಿ ಇದು ಇರಬಾರದ ಕೊರತೆ. ಎಂಟೂವರೆಗೆ ದಡ ಸೇರಿದರೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಿಸಿ ಬಿಸಿ ಸಿಗುತ್ತದೆ.

ಗಾಳದ ವಿಚಾರ

"ಹಂಗ ಒಂದ್ ಗಾಳಾನೂ ಹಾಕೂಣು" ಎಂದು ಕೋಲು ಹಿಡಿದು ಬರುವವರಿಗೆ: ಮೀಸಲು ಪಾಲಿನಲ್ಲಿ ಬೇಡ. ಬಂಡೆಗೆ ಸಿಕ್ಕಿ ಕಡಿದುಹೋದ ನೈಲಾನ್ ದಾರ ವರ್ಷಗಟ್ಟಲೆ ಕರಗುವುದಿಲ್ಲ, ಹಾವಕ್ಕಿಯ ಕೊಕ್ಕಿಗೆ, ನೀರುನಾಯಿ ಮರಿಯ ಕುತ್ತಿಗೆಗೆ ಸುತ್ತುತ್ತದೆ. ಗಾಳ ಹಾಕುವ ಆಸೆಯಿದ್ದರೆ ಜಲಾಶಯದ ಹಿನ್ನೀರು, ಇಲ್ಲವೇ ಕೊಪ್ಪಳ, ರಾಯಚೂರು ಜಿಲ್ಲೆಯ ದೊಡ್ಡ ಕೆರೆಗಳಿಗೆ ಹೋಗಿ. ಅಲ್ಲಿ ಮೀನಿನ ಹಕ್ಕು ಮೀನುಗಾರರ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಇರುತ್ತದೆ. ಕೇಳಿ, ಒಪ್ಪಿಗೆ ಪಡೆದೇ ಕೂರಬೇಕು.

ಮೃಗಾಲ್ ತಳದಲ್ಲಿ ಮೇಯುವ ಮೀನು, ಬಾಯಿ ಕೆಳಮುಖ. ರೋಹು ಹೆಚ್ಚಾಗಿ ನಡುನೀರಿನಲ್ಲಿ ಮೇಯುತ್ತದೆ. ಕಾಟ್ಲಾದ ಬಾಯಿ ಮೇಲ್ಮುಖ, ಅದು ಮೇಲಿನ ನೀರಿನಲ್ಲಿ ಮೇಯುತ್ತದೆ. ತಳಕ್ಕೆ ಗಾಳ ಬಿಟ್ಟು ಕಾಟ್ಲಾ ಕಾಯುವುದು ಸುಮ್ಮನೆ ಹೊತ್ತು ಕಳೆದಂತೆ. ತಳದ ಮೀನಿಗೆ ಶೇಂಗಾ ಹಿಂಡಿ ಎರಡು ಪಾಲು, ತೌಡು ಒಂದು ಪಾಲು, ಗೋಧಿ ಹಿಟ್ಟು ಅರ್ಧ ಪಾಲು, ಚೂರು ಬೆಲ್ಲ. ನೀರು ಚಿಮುಕಿಸುತ್ತಲೇ ಕಲೆಸಬೇಕು, ಸುರಿಯಬಾರದು. ನಿಂಬೆಹಣ್ಣಿನಷ್ಟು ಉಂಡೆ ಬಕೆಟ್ ನೀರಿನಲ್ಲಿ ಬಿಟ್ಟರೆ ಎರಡು ಮೂರು ನಿಮಿಷ ಗಟ್ಟಿ ನಿಂತು, ಹತ್ತು ನಿಮಿಷದೊಳಗೆ ಬಿಚ್ಚಿಕೊಳ್ಳಬೇಕು. ಹಿಟ್ಟು ಹೆಚ್ಚಾದರೆ ಉಂಡೆ ಕಲ್ಲಾಗಿ, ಕೊಕ್ಕೆ ಒಳಗೇ ಹೂತು, ಮೀನು ಮುಟ್ಟಿದರೂ ಸಿಕ್ಕುವುದಿಲ್ಲ. ದಾರ 0.35 ಮಿ.ಮೀ., ಕೊಕ್ಕೆ 6ನೇ ನಂಬರು ಸಾಕು. ಹಿನ್ನೀರಿನಲ್ಲಿ ಮುಳುಗಿದ ಜಾಲಿ ಬೊಡ್ಡೆಗಳು ಬಹಳ. ಬೇಸಿಗೆಯಲ್ಲಿ ನೀರು ಇಳಿದಾಗ ಎಲ್ಲೆಲ್ಲಿವೆ ಎಂದು ನೋಡಿಟ್ಟುಕೊಂಡವರ ದಾರ ಮಾತ್ರ ಉಳಿಯುತ್ತದೆ. ಮಳೆಗಾಲದಲ್ಲಿ ಜೊಂಡಿನ ಅಂಚಿಗೆ ಕೆಂಪಗೆ ಮರಿಗಳ ಗುಂಪು ಕುದಿಯುವಂತೆ ಕಂಡರೆ ಕೆಳಗೆ ಕೊರವ ಮೀನಿನ ಜೋಡಿ ಕಾವಲಿರುತ್ತದೆ. ಆಗ ಅದು ಎಸೆದದ್ದಕ್ಕೆಲ್ಲ ಬಾಯಿ ಹಾಕುತ್ತದೆ, ಹಿಡಿಯುವುದು ಸುಲಭ. ಹಿಡಿದರೆ ಆ ಮರಿಗಳಷ್ಟೂ ಬೇರೆ ಮೀನಿನ ಬಾಯಿಗೆ.

ಬರೀ ತಿನ್ನುವ ಆಸೆಯಿದ್ದವರು ಅಣೆಕಟ್ಟೆಯ ಸುತ್ತಿನ ಅಂಗಡಿಗಳಲ್ಲಿ ಹುರಿದ ಮೀನು, ಜೋಳದ ರೊಟ್ಟಿ ತಿನ್ನಬಹುದು. ಕಣ್ಣೆದುರೇ ಕೊಯ್ದು ಕೊಡುವ ಕಡೆ ಹೋಗಿ. ಬೆರಳುದ್ದದ ಕಾಟ್ಲಾ, ರೋಹು ಮರಿಗಳನ್ನು ರಾಶಿ ಹಾಕಿದ್ದರೆ ಕೊಳ್ಳಬೇಡಿ, ಅದು ಸಣ್ಣ ಕಣ್ಣಿನ ಅಲವಿ ಬಲೆಯಲ್ಲಿ ಬಳಿದು ತಂದ ಮುಂದಿನ ವರ್ಷದ ಮೀನು. ದೊಡ್ಡ ಮೀನಾದರೂ ಎತ್ತಿ ನೋಡಿ. ಹೊಸ ಮೀನಿನ ಕಿವಿರು ಕೆಂಪಗೆ, ಮೈ ಗಟ್ಟಿ. ಕಿವಿರು ಕೆಂಪಾಗಿದ್ದೂ ಬೆನ್ನೆಲುಬು ಮುರಿದು ನಡು ಜೋತುಬಿದ್ದಿದ್ದರೆ, ಕಣ್ಣಲ್ಲಿ ರಕ್ತ ಒಡೆದಿದ್ದರೆ, ಕೊಯ್ದಾಗ ಒಳಗಿನ ಗಾಳಿಚೀಲ ಹರಿದು ಹೊಟ್ಟೆ ತುಂಬ ರಕ್ತ ಮಡುಗಟ್ಟಿದ್ದರೆ, ಅದು ಸಿಡಿಮದ್ದು ಹಾಕಿ ಹಿಡಿದ ಮೀನು. ಮದ್ದಿನ ಏಟಿಗೆ ಗಾಳಿಚೀಲ ಒಡೆದ ಮೀನುಗಳಲ್ಲಿ ಬಹಳಷ್ಟು ತೇಲುವುದೇ ಇಲ್ಲ, ತಳಕ್ಕೆ ಹೋಗಿ ಕೊಳೆಯುತ್ತವೆ. ಒಂದು ಬುಟ್ಟಿ ಮೀನಿಗಾಗಿ ಇಡೀ ಮಡು ಖಾಲಿಯಾಗುತ್ತದೆ, ಮರಿಯಿರುವ ನೀರುನಾಯಿ ಸಂಸಾರ ಆ ಜಾಗವನ್ನೇ ಬಿಟ್ಟು ಹೋಗುತ್ತದೆ. ಅಂಥ ಮೀನು ಬೇಡವೆಂದು ಅಂಗಡಿಯಲ್ಲೇ ಕಾರಣ ಹೇಳಿ ಬಿಟ್ಟು ಬನ್ನಿ. ತೆಪ್ಪದಲ್ಲಿದ್ದಾಗ ನೀರೊಳಗಿಂದ ಗುಡ್ ಎಂಬ ಸದ್ದು ಕೇಳಿ ತೆಪ್ಪದ ತಳ ಅದುರಿದರೆ ಆ ಕಡೆಗೆ ಹೋಗಬೇಡಿ, ಅಂಬಿಗನನ್ನು ಜಗಳಕ್ಕೆ ಎಳೆಯಬೇಡಿ, ಅವನು ಅದೇ ಊರಿನಲ್ಲಿ ಬಾಳಬೇಕು. ಹೊತ್ತು, ಹತ್ತಿರದ ಬಂಡೆಯ ಇಲ್ಲವೇ ಗುಡಿಯ ಗುರುತು ನೆನಪಿಟ್ಟುಕೊಂಡು ದಡ ಸೇರಿದ ಕೂಡಲೇ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಹೇಳಿ.